ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತೀರಿ?

ಬೆಳಗಿನ ನಾಲ್ಕೂವರೆ. ಭಾದ್ರಪದದ ಮಳೆ ರಾತ್ರಿಯೇ ಬಂದು ಹೋಗಿದೆ. ರಾಯಚೂರು ಜಿಲ್ಲೆಯ ಗುರುಗುಂಟಾದ ಓಣಿಯಲ್ಲಿ ನೆಂದ ಎರೆಮಣ್ಣಿನ ವಾಸನೆ. ದೂರದಲ್ಲಿ ತಿಂಥಣಿ ಸೇತುವೆಯ ಕಡೆಗೆ ಹೊರಟ ಲಾರಿಯೊಂದರ ಸಪ್ಪಳ. ಏಳಬೇಕೆಂದು ನೀವು ಎಂದಿನಂತೆ ಮಂಡಿ ಮಡಚುತ್ತೀರಿ. ಮಂಡಿ ಮಡಚುತ್ತದೆ, ಮೈ ಮೇಲೇಳುವುದಿಲ್ಲ. ಕೈಯೂರಿ, ಗೋಡೆ ಹಿಡಿದು, ಹೇಗೋ ನಿಲ್ಲುತ್ತೀರಿ. ಅಂಗಾಲಿನ ಕೆಳಗೆ ನೆಲ ಇದ್ದೂ ಇಲ್ಲದಂತಿದೆ, ಹತ್ತಿಯ ರಾಶಿಯ ಮೇಲೆ ನಿಂತ ಹಾಗೆ. ಹೊಸ್ತಿಲು ದಾಟಲು ಕಾಲೆತ್ತುತ್ತೀರಿ. ಬೆರಳು ಹೊಸ್ತಿಲಿಗೆ ಬಡಿಯುತ್ತದೆ. ಬಡಿದದ್ದು ಕಿವಿಗೆ ಕೇಳಿಸುತ್ತದೆ, ಕಾಲಿಗೆ ತಿಳಿಯುವುದಿಲ್ಲ.

ನಿನ್ನೆ ಸಂಜೆಯ ಸಂಗತಿ ಈಗ ನೆನಪಾಗುತ್ತದೆ. ತೊಗರಿ ಹೊಲದಿಂದ ಬರುವಾಗ ಬಲಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿತ್ತು. ಹಿಂದೆ ಬರುತ್ತಿದ್ದ ಮಗಳು ಅದನ್ನು ಎತ್ತಿ ತಂದು ಕೊಟ್ಟಾಗಲೇ ನಿಮಗೆ ಗೊತ್ತಾದದ್ದು. ಮೊನ್ನೆಯಿಂದ ಎರಡೂ ಪಾದಗಳಲ್ಲಿ ಇರುವೆ ಹರಿದಂತಾಗುತ್ತಿತ್ತು. ಕೆಸರಿನಲ್ಲಿ ನಿಂತು ಜೋಮು ಹಿಡಿದಿರಬೇಕು ಎಂದುಕೊಂಡಿರಿ. ಬೆನ್ನಿನ ಬುಡದಲ್ಲಿ ಒಂದು ಮೊಂಡು ನೋವು. ಮೂಟೆ ಎತ್ತಿದ್ದಕ್ಕೆ ಬಂದಿರಬೇಕು ಎಂದುಕೊಂಡಿರಿ.

“ಯವ್ವಾ, ಕಾಲಾಗ ಶಕ್ತೀನೇ ಇಲ್ಲ,” ಎಂದು ಕೂಗುತ್ತೀರಿ. ತಾಯಿ ದೀಪ ಹಾಕಿ ಓಡಿ ಬರುತ್ತಾಳೆ. “ಜರ ಬಂದು ಹೋಗಿ ಹನ್ನೆರಡು ದಿನ ಆತು. ಇನ್ನೂ ಅದರ ನಿಶ್ಶಕ್ತಿ ಅದ ಏನೋ,” ಎನ್ನುತ್ತಾಳೆ. ಆಕೆ ಅರ್ಧ ಸತ್ಯ ಹೇಳಿದ್ದಾಳೆ. ಜ್ವರಕ್ಕೂ ಇದಕ್ಕೂ ನಂಟಿದೆ. ಆದರೆ ಇದು ಜ್ವರ ಬಿಟ್ಟುಹೋದ ನಿಶ್ಶಕ್ತಿ ಅಲ್ಲ.

ನಿಮಗೆ ಇಲ್ಲಿ ಹೆಸರಿಟ್ಟಿಲ್ಲ, ಏಕೆಂದರೆ ಇದು ಒಬ್ಬರ ಕಥೆ ಅಲ್ಲ. ಈ ಕಾಯಿಲೆ ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ಹಿಡಿಯುತ್ತದೆ. ರಾಯಚೂರು ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲೇ 19 ಲಕ್ಷ ದಾಟಿತ್ತು. ಹಾಗೆ ಲೆಕ್ಕ ಹಾಕಿದರೆ ಈ ಜಿಲ್ಲೆಯಲ್ಲೇ ವರ್ಷಕ್ಕೆ ಇಪ್ಪತ್ತರಿಂದ ನಲವತ್ತು ಮನೆಗಳಲ್ಲಿ ಇಂಥದೊಂದು ಬೆಳಗಾಗುತ್ತದೆ. ಇವತ್ತು ಅದು ನಿಮ್ಮ ಮನೆ.

ಬೆಳಕು ಹರಿಯುತ್ತದೆ. ನಿಮ್ಮನ್ನು ಪಡಸಾಲೆಯಲ್ಲಿ ಕೂರಿಸಿದ್ದಾರೆ. ಕೂತಲ್ಲಿಂದ ಅಂಗಳದ ನೀಲಿ ಡ್ರಮ್ಮು ಕಾಣುತ್ತದೆ. ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಹಿಡಿದು ತುಂಬಿಡಬೇಕು. ಓಣಿಯ ಪ್ರತಿ ಮನೆಯ ಮುಂದೆಯೂ ಒಂದು ಡ್ರಮ್ಮು, ಒಂದು ಸಿಮೆಂಟ್ ತೊಟ್ಟಿ. ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ. ಹೀಗೆ ನಿಂತ ತಿಳಿನೀರೇ ಸಾಕು. ಹದವಾದ ಬೆಚ್ಚನೆಯ ಹವೆಯಲ್ಲಿ ವಾರದಿಂದ ಹತ್ತು ದಿನದೊಳಗೆ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಎರಡು ವಾರದ ಹಿಂದೆ ಈ ಓಣಿಯಲ್ಲಿ ಆರೇಳು ಜನಕ್ಕೆ ಒಟ್ಟಿಗೇ ಜ್ವರ ಬಂತು. ಮೈಮೇಲೆ ಕೆಂಪು ಗುಳ್ಳೆ, ಮುಷ್ಟಿ ಕಟ್ಟಲಾಗದಷ್ಟು ಕೀಲುನೋವು. ತಾಯಿ ಆಗಲೇ ಹೆಸರು ಹೇಳಿದ್ದಳು: ಚಿಕೂನ್‌ಗುನ್ಯಾ.

ಅವಳ ವಯಸ್ಸಿನವರು ಇಲ್ಲಿ ಆ ಜ್ವರವನ್ನು ಮರೆಯುವುದಿಲ್ಲ. “ಆ ವರ್ಷ ಓಣಿಗೆ ಓಣೀನೇ ಮಲಗಿತ್ತು. ಒಬ್ಬರಿಗೆ ನೀರು ಕೊಡಾಕ ಇನ್ನೊಬ್ಬರು ಇರಲಿಲ್ಲ. ಕೋಳಿಯಿಂದ ಬರತದ ಅಂತ ಕೋಳಿ ತಿನ್ನೂದ ಬಿಟ್ಟಿದ್ವಿ,” ಎನ್ನುತ್ತಾಳೆ. ಆ ವರ್ಷ 2006. ಚಿಕೂನ್‌ಗುನ್ಯಾ 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿಕೊಂಡು ಆಮೇಲೆ ಮೂರು ದಶಕ ದೇಶದಿಂದ ಮರೆಯಾದಂತಿತ್ತು. 2005ರ ಕೊನೆಗೆ ಮತ್ತೆ ಬಂತು. 2006ರ ಅಕ್ಟೋಬರ್ ಹೊತ್ತಿಗೆ ದೇಶದಲ್ಲಿ ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳಿದ್ದರು. ಅದರಲ್ಲಿ ಏಳೂವರೆ ಲಕ್ಷ ಕರ್ನಾಟಕದವರು. ರಾಯಚೂರು, ಕಲಬುರಗಿ, ಬೀದರ್, ವಿಜಯಪುರ, ಬಳ್ಳಾರಿಯ ಊರುಗಳೆಲ್ಲ ಬಾಗಿ ನಡೆದವು. ಆ ಹೆಸರಿನ ಅರ್ಥವೂ ಅದೇ. ತಾಂಜಾನಿಯಾದ ಮಕೊಂಡೆ ಭಾಷೆಯಲ್ಲಿ ಅದು ನೋವಿಗೆ ಮೈ ಬಾಗಿಹೋಗುವುದನ್ನು ಹೇಳುವ ಮಾತು.

ಬಾಗಿದವರಲ್ಲಿ ಹೆಚ್ಚಿನವರು ನೆಟ್ಟಗಾದರು. ಆದರೆ ಕೆಲವರಲ್ಲಿ ರೋಗ ಕೀಲು ದಾಟಿ ನರಕ್ಕೂ ಮಿದುಳಿಗೂ ಹೋಯಿತು. ಬಳ್ಳಾರಿಯ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಮಿದುಳಿನ ಸೋಂಕಿನ ಶಂಕೆಯ ಮೇಲೆ ಬಂದ 58 ಮಕ್ಕಳ ರಕ್ತ ಪರೀಕ್ಷೆಯಾದಾಗ 8 ಮಕ್ಕಳಲ್ಲಿ ಚಿಕೂನ್‌ಗುನ್ಯಾ ವೈರಾಣು ಸಿಕ್ಕಿತು. 3 ಮಕ್ಕಳಲ್ಲಿ ಅದು ಬೆನ್ನುಹುರಿಯ ದ್ರವದಲ್ಲೇ ಇತ್ತು. ಆ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದೇ ಜ್ವರ ಹರಡಿದ್ದ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂರರಲ್ಲಿ ಒಬ್ಬರಿಗೆ ಸೋಂಕು ತಗುಲಿ, ಅದರ ಬೆನ್ನಿಗೇ ಕೈಕಾಲು ಸೋಲುವವರ ಸಂಖ್ಯೆಯೂ ಏರಿತು. ವೈರಾಣು ನರಕ್ಕೆ ತೊಂದರೆ ಕೊಡುವುದು ಎರಡು ಬಗೆಯಲ್ಲಿ. ಒಂದು, ತಾನೇ ಒಳನುಗ್ಗುವುದು. ಇನ್ನೊಂದು, ತಾನು ಹೋದ ಮೇಲೂ ನಮ್ಮ ಮೈಯ ಕಾವಲು ಪಡೆಯನ್ನು ನಮ್ಮದೇ ನರಗಳ ಮೇಲೆ ತಿರುಗಿಸಿ ಬಿಡುವುದು. ನಿಮ್ಮ ಮೈಯಲ್ಲಿ ಈಗ ನಡೆಯುತ್ತಿರುವುದು ಎರಡನೆಯದು.

ಎಂಟು ಗಂಟೆಯ ಹೊತ್ತಿಗೆ ಪಡಸಾಲೆ ತುಂಬಿದೆ. “ಲಕ್ವಾ ಹೊಡದದ,” ಎನ್ನುತ್ತಾರೆ ಒಬ್ಬರು. “ಗಾಳಿ ಸೋಕಿರಬೇಕು. ಹೊಲದಾಗ ಸಂಜಿ ಮುಂದ ಒಬ್ಬನೇ ಇದ್ದ,” ಎನ್ನುತ್ತಾರೆ ಇನ್ನೊಬ್ಬರು. ಲಕ್ವಾಕ್ಕೆ ಎಣ್ಣೆ ಕೊಡುವವರ ಊರಿನ ಹೆಸರು ಬರುತ್ತದೆ. ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ಕಾಲಿಗೆ ಕಾವು ಬರುತ್ತದೆ ಎಂಬ ಮಾತು ಬರುತ್ತದೆ. ಅಮರೇಶ್ವರನಿಗೆ ಹರಕೆ ಹೊರಲು ತಾಯಿ ಆಗಲೇ ಕೈಮುಗಿದಿದ್ದಾಳೆ. “ಎರಡು ಬಾಟಲಿ ಗ್ಲೂಕೋಸ್ ಏರಿಸಿದರ ಶಕ್ತಿ ಬರತದ,” ಎಂದು ತಮ್ಮ ಬೈಕ್ ತೆಗೆಯುತ್ತಾನೆ. ಎಲ್ಲರಿಗೂ ನಿಮ್ಮ ಮೇಲೆ ಪ್ರೀತಿ ಇದೆ. ಆದರೆ ಆ ಪ್ರೀತಿ ಈಗ ಗಂಟೆಗಳನ್ನು ತಿನ್ನುತ್ತಿದೆ.

ಆಗ ಆಶಾ ಕಾರ್ಯಕರ್ತೆ ಬರುತ್ತಾಳೆ. ಆಕೆ ಬಂದದ್ದು ಬಾಣಂತಿಯೊಬ್ಬಳನ್ನು ನೋಡಲು. ನಿಮ್ಮ ಸುದ್ದಿ ಕೇಳಿ ಒಳಗೆ ಬಂದಿದ್ದಾಳೆ. ಕೇಳುವುದು ಎರಡೇ ಪ್ರಶ್ನೆ. “ಒಂದ ಕಡಿ ಕೈಕಾಲು ಹೋಗ್ಯಾವೋ, ಎರಡೂ ಕಾಲೋ?” “ಎರಡೂ.” “ಮೊದಲ ಪಾದ, ಆಮ್ಯಾಲ ಮೊಣಕಾಲು, ಹಂಗ ಏರಿಕೋತ ಬಂತೋ?” “ಹೌದು.” ಆಕೆ ಮತ್ತೇನೂ ಕೇಳದೆ ಫೋನ್ ತೆಗೆದು 108 ಒತ್ತುತ್ತಾಳೆ.

ಆಕೆಗೆ ಇದು ಗೊತ್ತಾಗಿದ್ದಕ್ಕೆ ಹಿನ್ನೆಲೆ ಇದೆ. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಜೋತುಬಿದ್ದರೂ ತಕ್ಷಣ ವರದಿ ಮಾಡಬೇಕು ಎಂಬುದು ಪೋಲಿಯೊ ಕಣ್ಗಾವಲಿನ ನಿಯಮ. 1997ರಿಂದ ಅದು ನಡೆದು ಬಂದಿದೆ. ಕಾಲು ಸೋತ 14 ದಿನದೊಳಗೆ, 24 ಗಂಟೆ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ತೆಗೆದು, ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿ 13ರದ್ದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎನಿಸಿತು. ಪೋಲಿಯೊ ಹೋದ ಮೇಲೂ ಕಾಲು ಸೋತ ಮಕ್ಕಳು ಸಿಗುತ್ತಲೇ ಇದ್ದರು. ಅವರಲ್ಲಿ ಬಹಳ ಮಂದಿಗೆ ಇದ್ದದ್ದು ಈಗ ನಿಮಗೆ ಬಂದಿರುವ ಕಾಯಿಲೆಯೇ. ಮಕ್ಕಳಿಗಾಗಿ ಕಲಿತ ಪಾಠ ಇವತ್ತು ನಿಮ್ಮ ಬಾಗಿಲಿಗೆ ಆಂಬುಲೆನ್ಸ್ ತಂದಿದೆ.

ಲಿಂಗಸುಗೂರಿನ ಆಸ್ಪತ್ರೆ. ಯುವ ವೈದ್ಯೆ ನಿಮ್ಮ ಕಾಲನ್ನು ಮಂಚದ ಅಂಚಿಗೆ ಇಳಿಬಿಟ್ಟು, ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾರೆ. ಕಾಲು ಚಿಮ್ಮಬೇಕು, ಚಿಮ್ಮುವುದಿಲ್ಲ. ಹಿಮ್ಮಡಿಯ ಮೇಲೆ ತಟ್ಟುತ್ತಾರೆ. ಅಲ್ಲೂ ಅಲುಗಾಟವಿಲ್ಲ. ತಮ್ಮ ಮೆಲ್ಲಗೆ ಕೇಳುತ್ತಾನೆ: “ಲಕ್ವಾನಾ, ಡಾಕ್ಟ್ರೇ?”

“ಪಾರ್ಶ್ವವಾಯು ಅಂತ ಕರೀತೀವಲ್ಲ, ಪಾರ್ಶ್ವ ಅಂದರ ಒಂದು ಬದಿ,” ಎನ್ನುತ್ತಾರೆ ವೈದ್ಯೆ. “ಮಿದುಳಿಗೆ ರಕ್ತ ನಿಂತಾಗ ಒಂದು ಬದಿ ಹೋಗತದ. ಇದು ಎರಡೂ ಬದಿ, ಕೆಳಗಿಂದ ಮ್ಯಾಲ. ಗಿಲನ್-ಬಾರೆ ಸಿಂಡ್ರೋಮ್ ಇದ್ದಂಗ ಕಾಣತದ. ಜಿಬಿಎಸ್.” ಆಮೇಲೆ ಆಕೆ ಸ್ಟೆತಸ್ಕೋಪ್ ಕೂಡ ಬದಿಗಿಟ್ಟು ಹೇಳುತ್ತಾರೆ: “ಎದಿ ತುಂಬಾ ಉಸಿರು ತಗೊಳ್ರಿ. ಈಗ ಬಿಡಕೋತ, ನಡುವ ಉಸಿರು ಎಳಕೊಳ್ಳದ, ಜೋರಾಗಿ ಒಂದು ಎರಡು ಅಂತ ಎಣಿಸ್ರಿ.”

ನೀವು ಎಣಿಸುತ್ತೀರಿ. ಇಪ್ಪತ್ತೇಳಕ್ಕೆ ಉಸಿರು ಮುಗಿಯುತ್ತದೆ.

ಆಕೆ ಅದನ್ನು ಚೀಟಿಯ ಮೇಲೆ ವೇಳೆಯ ಸಮೇತ ಬರೆಯುತ್ತಾರೆ. ಗಟ್ಟಿಮುಟ್ಟಾದವರು ಮೂವತ್ತು ದಾಟುತ್ತಾರೆ. ಇಪ್ಪತ್ತರ ಕೆಳಗೆ ಬಂದರೆ ಎಚ್ಚರ. ಹತ್ತರ ಹತ್ತಿರ ಬಂದರೆ ಉಸಿರಾಟದ ಯಂತ್ರ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ತೋರಿಸುತ್ತಿದೆ. “ಇದನ್ನ ನಂಬಿ ಕೂಡಬ್ಯಾಡ್ರಿ,” ಎಂದು ಆಕೆ ತಮ್ಮನಿಗೆ ಹೇಳುತ್ತಾರೆ. ಎದೆಯ ಸ್ನಾಯು ಸೋಲುತ್ತಾ ಬಂದರೂ ರಕ್ತದ ಆಮ್ಲಜನಕ ಕೊನೆಯವರೆಗೂ ಸರಿಯಾಗಿಯೇ ಕಾಣಬಹುದು. ಬಿದ್ದಾಗ ಒಮ್ಮೆಲೇ ಬೀಳುತ್ತದೆ. ಉಸಿರಿನ ಎಣಿಕೆ ಮಾತ್ರ ಮೊದಲೇ ಹೇಳುತ್ತದೆ.

ಆಂಬುಲೆನ್ಸ್ ರಾಯಚೂರಿನ ಕಡೆ ಹೊರಟಿದೆ. ಸುಮಾರು 90 ಕಿಲೋಮೀಟರ್. ಕಿಟಕಿಯಲ್ಲಿ ಹತ್ತಿ, ತೊಗರಿ, ಆಮೇಲೆ ಕಾಲುವೆ ನೀರಿನ ಭತ್ತದ ಹಸಿರು. ನಿಮ್ಮ ಮೈಯೊಳಗೆ ಏನಾಗುತ್ತಿದೆ ಎಂಬುದನ್ನು ಆ ಕಾಲುವೆಯೇ ಹೇಳಿಕೊಡುತ್ತದೆ. ನಾರಾಯಣಪುರ ಬಲದಂಡೆ ನಾಲೆಯನ್ನು ನೋಡಿ ಬೆಳೆದ ನಿಮಗೆ ಟೇಲ್-ಎಂಡ್ ಎಂದರೆ ಗೊತ್ತು. ನಾಲೆಯ ಲೈನಿಂಗ್ ಅಲ್ಲಲ್ಲಿ ಕಿತ್ತುಹೋದರೆ ನೀರು ದಾರಿಯಲ್ಲೇ ಇಂಗುತ್ತದೆ. ಮೊದಲು ಒಣಗುವುದು ಕಟ್ಟಕಡೆಯ ಹೊಲ. ನರವೂ ಹಾಗೆಯೇ. ಅದರ ಸುತ್ತ ಮಯಲಿನ್ ಎಂಬ ಕೊಬ್ಬಿನ ಪೊರೆಯ ಲೈನಿಂಗ್ ಇದೆ. ಅದು ಇದ್ದರೆ ಮಿದುಳಿನ ಅಪ್ಪಣೆ ಕಣ್ಣು ಮಿಟುಕಿಸುವುದರೊಳಗೆ ಬೆರಳ ತುದಿ ಮುಟ್ಟುತ್ತದೆ. ಅದು ಕಿತ್ತರೆ ಅಪ್ಪಣೆ ದಾರಿಯಲ್ಲೇ ಇಂಗುತ್ತದೆ. ಮೈಯಲ್ಲಿ ಎಲ್ಲಕ್ಕಿಂತ ಉದ್ದದ ನರ ಪಾದದ್ದು. ಅದಕ್ಕೇ ಮೊದಲು ಚಪ್ಪಲಿ ಕಳಚಿ ಬಿತ್ತು.

ಲೈನಿಂಗ್ ಕಿತ್ತವರು ಯಾರು? ಜ್ವರದ ವೈರಾಣುವನ್ನು ಕೊಲ್ಲಲು ನಿಮ್ಮ ರಕ್ತ ಪ್ರತಿಕಾಯಗಳ ಪಡೆ ಕಟ್ಟಿತ್ತು. ಪಡೆ ಗೆದ್ದಿತು, ಜ್ವರ ಇಳಿಯಿತು. ಆದರೆ ಕೆಲವು ಸೋಂಕಿನ ಜೀವಿಗಳ ಮೈಯ ಚಹರೆಗೂ ನರದ ಹೊದಿಕೆಯ ಚಹರೆಗೂ ಹೋಲಿಕೆ ಇರುತ್ತದೆ. ಆ ಹೋಲಿಕೆಗೆ ಮೋಸಹೋದ ಪಡೆ, ವೈರಿ ಹೋದ ಮೇಲೂ ಕತ್ತಿ ಕೆಳಗಿಡದೆ, ಮನೆಯವರನ್ನೇ ಕಡಿಯುತ್ತದೆ. ಸೋಂಕು ಕಳೆದು ಒಂದರಿಂದ ನಾಲ್ಕು ವಾರದಲ್ಲಿ ಇದು ಶುರುವಾಗುತ್ತದೆ. ಇದಕ್ಕೆ ಒಂದೇ ಜ್ವರ ಕಾರಣವಲ್ಲ. 2013-14ರಲ್ಲಿ ಫ್ರೆಂಚ್ ಪಾಲಿನೇಷ್ಯಾ ದ್ವೀಪಗಳಲ್ಲಿ ಝೀಕಾ ಜ್ವರದ ಹಿಂದೆ 42 ಜನಕ್ಕೆ ಜಿಬಿಎಸ್ ಬಂತು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಕಡೆ ಕೆಟ್ಟ ಕುಡಿಯುವ ನೀರಿನಿಂದ ಭೇದಿ ಹರಡಿ, ಇನ್ನೂರಕ್ಕೂ ಹೆಚ್ಚು ಜನ ಈ ಕಾಯಿಲೆಯ ಶಂಕೆಯ ಮೇಲೆ ಆಸ್ಪತ್ರೆ ಸೇರಿದರು. ಕ್ಯಾಂಪಿಲೋಬ್ಯಾಕ್ಟರ್ ಎಂಬ ಕರುಳಿನ ಬ್ಯಾಕ್ಟೀರಿಯಾ ಈ ಕಾಯಿಲೆಗೆ ಲೋಕದಲ್ಲೆಲ್ಲ ದೊಡ್ಡ ಕಾರಣ. ಜಿಬಿಎಸ್ ಅಂಟುರೋಗವಲ್ಲ. ನಿಮ್ಮಿಂದ ನಿಮ್ಮ ಮಗಳಿಗೆ ಬರುವುದಿಲ್ಲ. ಯಾರ ಶಾಪವೂ ಅಲ್ಲ, ನೀವು ಮಾಡಿದ ತಪ್ಪೂ ಅಲ್ಲ.

ತಮ್ಮ ಮತ್ತೆ ಎಣಿಸು ಎನ್ನುತ್ತಾನೆ. ನೀವು ಎಣಿಸುತ್ತೀರಿ. ಇಪ್ಪತ್ತೆರಡು.

ರಾಯಚೂರು ಬಂತು. 2022ರ ಮೇ ತಿಂಗಳಿಂದ ಸಾವಿರ ದಿನಕ್ಕೂ ಮೀರಿ ಜನ ಏಮ್ಸ್ ಬೇಕೆಂದು ಧರಣಿ ಕೂತ ಊರು ಇದು. ಆ ಬೇಡಿಕೆಯ ತೂಕ ಆಂಬುಲೆನ್ಸಿನ ಸ್ಟ್ರೆಚರ್ ಮೇಲೆ ಮಲಗಿದವರಿಗೆ ತಿಳಿಯುತ್ತದೆ. 2006ರಲ್ಲಿ ಈ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ಆ ಕಾಲೇಜು, ರಿಮ್ಸ್, ಶುರುವಾದದ್ದು 2007ರಲ್ಲಿ. ಇಂದಿಗೂ ನರರೋಗದ ತೊಡಕು ಹೆಚ್ಚಾದರೆ ಇಲ್ಲಿನವರ ಬಾಯಲ್ಲಿ ಬರುವ ಹೆಸರು ಬೆಂಗಳೂರಿನ ನಿಮ್ಹಾನ್ಸ್. ಅದು ಗುರುಗುಂಟಾದಿಂದ ನಾನೂರು ಕಿಲೋಮೀಟರಿಗೂ ಮೇಲೆ.

ಐಸಿಯು. ನಿಮ್ಮನ್ನು ಮಗ್ಗುಲಾಗಿಸಿ, ಮಂಡಿಯನ್ನು ಎದೆಗೆ ಒತ್ತಿ, ಬಿಲ್ಲಿನಂತೆ ಬಾಗಿಸಿ ಹಿಡಿದಿದ್ದಾರೆ. ಬೆನ್ನ ಎಲುಬಿನ ಸಂದಿಯಲ್ಲಿ ತಣ್ಣನೆಯ ಸ್ಪಿರಿಟ್, ಆಮೇಲೆ ಸೂಜಿ. ಹನಿ ಹನಿಯಾಗಿ ನೀರಿನಂಥ ದ್ರವ ಸೀಸೆಗೆ ಬೀಳುತ್ತದೆ. ಪ್ಯಾರಿಸ್ಸಿನ ವೈದ್ಯ ಲಾಂಡ್ರಿ 1859ರಲ್ಲೇ ಹೀಗೆ ಕೆಳಗಿಂದ ಏರುವ ಸೋಲನ್ನು ಬರೆದಿಟ್ಟಿದ್ದ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಗಿಲನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಕಾಲು ಸೋತ ಇಬ್ಬರು ಸೈನಿಕರ ಬೆನ್ನಿನಿಂದ ಇದೇ ದ್ರವ ತೆಗೆದು ನೋಡಿದರು. ಪ್ರೊಟೀನ್ ಏರಿತ್ತು, ಜೀವಕೋಶಗಳು ಏರಿರಲಿಲ್ಲ. ನೂರು ವರ್ಷ ದಾಟಿದರೂ ವೈದ್ಯರು ಆ ಗುರುತನ್ನೇ ಹುಡುಕುತ್ತಾರೆ. ಮೊದಲ ವಾರದಲ್ಲಿ ಅದು ಕಾಣದೆಯೂ ಇರಬಹುದು. ಅದಕ್ಕಾಗಿ ನರಕ್ಕೆ ಸಣ್ಣ ವಿದ್ಯುತ್ ತಟ್ಟಿ ಅದರ ಓಟದ ವೇಗ ಅಳೆಯುತ್ತಾರೆ. ವರದಿಗೆ ಕಾಯುತ್ತಾ ಚಿಕಿತ್ಸೆ ನಿಲ್ಲಿಸುವುದಿಲ್ಲ.

ಔಷಧ ಬರುತ್ತದೆ. ಅದರ ಹೆಸರು ಇಮ್ಯುನೊಗ್ಲಾಬ್ಯುಲಿನ್. ಒಂದೊಂದು ಬ್ಯಾಚ್ ಔಷಧದ ಹಿಂದೆ ಸಾವಿರಕ್ಕೂ ಹೆಚ್ಚು ದಾನಿಗಳ ಪ್ಲಾಸ್ಮಾ ಇರುತ್ತದೆ. ಅವರ ಪ್ರತಿಕಾಯಗಳು ನಿಮ್ಮ ರಕ್ತಕ್ಕೆ ಇಳಿದು, ದಾರಿತಪ್ಪಿದ ನಿಮ್ಮ ಪಡೆಯನ್ನು ತಡೆಯುತ್ತವೆ. ಕಿಲೋ ತೂಕಕ್ಕೆ 0.4 ಗ್ರಾಂನಂತೆ ದಿನಕ್ಕೊಮ್ಮೆ, ಐದು ದಿನ. 60 ಕಿಲೋ ತೂಗುವ ನಿಮಗೆ ಒಟ್ಟು 120 ಗ್ರಾಂ. 5 ಗ್ರಾಂ ಸೀಸೆಯಾದರೆ 24 ಸೀಸೆ. ಬೆಲೆ ಕೇಳಿ ತಮ್ಮ ಗೋಡೆಗೆ ಒರಗುತ್ತಾನೆ. ಈ ವರ್ಷದ ಹತ್ತಿ ಪೂರ್ತಿ ಮಾರಿದರೂ ಸಾಲದು. ನರ್ಸ್ ಬಿಪಿಎಲ್ ಕಾರ್ಡ್ ಕೇಳುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಾರ್ಡ್ ಗುರುಗುಂಟಾದ ಮನೆಯ ಟ್ರಂಕಿನಲ್ಲಿ ಉಳಿದಿದೆ. ತಾಯಿಗೆ ಫೋನ್ ಹೋಗುತ್ತದೆ. ಇನ್ನೊಂದು ದಾರಿಯೂ ಇದೆ. ರಕ್ತ ಹೊರತೆಗೆದು, ತಪ್ಪು ಪ್ರತಿಕಾಯ ತುಂಬಿದ ಪ್ಲಾಸ್ಮಾ ಬೇರ್ಪಡಿಸಿ, ರಕ್ತಕಣಗಳನ್ನು ಮರಳಿ ಕೊಡುವ ಪ್ಲಾಸ್ಮಾ ಬದಲಾವಣೆ. ಎರಡೂ ಸಮಾನ ಫಲ ಕೊಡುತ್ತವೆ. ಹಳ್ಳಿಯಲ್ಲಿ ಎಲ್ಲ ನೋವಿಗೂ ಚುಚ್ಚುವ ಸ್ಟೀರಾಯ್ಡ್ ಮಾತ್ರ ಜಿಬಿಎಸ್‌ಗೆ ಉಪಯೋಗಕ್ಕೆ ಬರುವುದಿಲ್ಲ.

ರಾತ್ರಿ ಹತ್ತಕ್ಕೆ ಹದಿನೇಳು. ನಡುರಾತ್ರಿಗೆ ಹದಿಮೂರು. ನುಂಗುವಾಗ ನೀರು ಮೂಗಿಗೆ ಬರುತ್ತದೆ. ತಲೆದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಬೆಳಗಿನ ನಾಲ್ಕೂವರೆ. ನಿನ್ನೆ ಇದೇ ಹೊತ್ತಿಗೆ ನೀವು ಹೊಸ್ತಿಲು ದಾಟಲು ಹೆಣಗುತ್ತಿದ್ದಿರಿ. ಈಗ ಎಣಿಸುತ್ತೀರಿ: ಒಂದು, ಎರಡು, ಮೂರು... ಒಂಬತ್ತು. ವೈದ್ಯರು ಕಾಯುವುದಿಲ್ಲ. ಗಂಟಲಿಗೆ ಕೊಳವೆ ಇಳಿಯುತ್ತದೆ, ಯಂತ್ರ ನಿಮ್ಮ ಪರವಾಗಿ ಉಸಿರಾಡಲು ಶುರುಮಾಡುತ್ತದೆ. ಈ ಕಾಯಿಲೆಯವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಈ ಯಂತ್ರ ಬೇಕಾಗುತ್ತದೆ. ಈ ಒಂಬತ್ತು ನಿಮಗೆ ಗುರುಗುಂಟಾದ ಪಡಸಾಲೆಯಲ್ಲಿ, ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಬಂದಿದ್ದರೆ?

ಇನ್ನು ಮುಂದಿನದು ಯಾರಿಗೂ ಕಾಣದ ಭಾಗ. ಕೈ ಅಲುಗದು, ಕಾಲು ಅಲುಗದು, ಮುಖವೂ ಅಲುಗದು. ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ ಎಂದು ಕಣ್ಣಿಗೆ ಮುಲಾಮು ಹಾಕಿ ಪಟ್ಟಿ ಅಂಟಿಸುತ್ತಾರೆ. ಎದೆಬಡಿತ ಒಮ್ಮೆ ಓಡುತ್ತದೆ, ಒಮ್ಮೆ ಕುಂಟುತ್ತದೆ, ಏಕೆಂದರೆ ಹೃದಯದ ಲಗಾಮು ಹಿಡಿದ ನರಗಳಿಗೂ ಪೆಟ್ಟಾಗಿದೆ. ಆದರೆ ಮಿದುಳಿಗೆ ಏನೂ ಆಗಿಲ್ಲ. ನೀವು ಪೂರ್ತಿ ಎಚ್ಚರವಿದ್ದೀರಿ. ಎಲ್ಲ ಕೇಳುತ್ತದೆ. ಹಾಸಿಗೆಯ ಪಕ್ಕ ನಿಂತ ನೆಂಟರೊಬ್ಬರು “ಇನ್ನ ಆಸೆ ಇಲ್ಲ ಬಿಡ್ರಿ” ಎಂದದ್ದು ಕೇಳುತ್ತದೆ. ಮಗಳು ಬಂದು, ನಿಮಗೆ ಕೇಳುವುದೋ ಇಲ್ಲವೋ ಎಂದು ತಿಳಿಯದೆ, ತೊಗರಿ ಹೂ ಬಿಟ್ಟಿದೆ ಎಂದು ಕಿವಿಯಲ್ಲಿ ಹೇಳಿದ್ದೂ ಕೇಳುತ್ತದೆ. ಆ ಒಂದು ವಾಕ್ಯ ಹಿಡಿದುಕೊಂಡು ನೀವು ಮೂರು ದಿನ ಬದುಕುತ್ತೀರಿ. ಈ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರು ತಿಳಿಯಬೇಕು: ಮಲಗಿದವರು ಕೇಳುತ್ತಿದ್ದಾರೆ. ಅವರೊಡನೆ ಮಾತಾಡಿ.

ಸೋಲು ಏರುವುದು ಹೆಚ್ಚಿನವರಲ್ಲಿ ಎರಡು ವಾರದೊಳಗೆ ನಿಲ್ಲುತ್ತದೆ, ನಾಲ್ಕು ವಾರ ದಾಟುವುದಿಲ್ಲ. ನಿಮ್ಮದೂ ನಿಲ್ಲುತ್ತದೆ. ಮೊದಲು ಹಣೆ ಸುಕ್ಕಾಗುತ್ತದೆ. ಆಮೇಲೆ ಭುಜ. ಇಪ್ಪತ್ತಮೂರನೆಯ ದಿನ ಯಂತ್ರ ಕಳಚುತ್ತಾರೆ. ಕೊಳವೆಗೆಂದು ಕೊರೆದಿದ್ದ ಗಂಟಲ ಗಾಯಕ್ಕೆ ಬಟ್ಟೆ ಒತ್ತಿಕೊಂಡು, ಪಿಸುದನಿಯಲ್ಲಿ ನೀವಾಗಿಯೇ ಎಣಿಸುತ್ತೀರಿ. ಹದಿನಾರು. ನರ್ಸ್ ಕಣ್ಣೊರೆಸಿಕೊಳ್ಳುತ್ತಾರೆ.

ಫಿಸಿಯೋಥೆರಪಿ ಕೋಣೆಯಲ್ಲಿ ಸಮಾಂತರ ಸರಳುಗಳ ನಡುವೆ ನೀವು ನಿಲ್ಲುವುದನ್ನು ಕಲಿಯುತ್ತಿರುವಾಗ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗಿ ಬರುತ್ತಾಳೆ. ಕಾಲೇಜಿಗೆ ಹೋಗುವ ವಯಸ್ಸು. ಅವಳ ಕಾಯಿಲೆಯೂ ಜ್ವರದ ಹಿಂದೆಯೇ ಬಂದದ್ದು, ಆದರೆ ಬೇರೆ ಜಾಗದಲ್ಲಿ. ಬೆಳಿಗ್ಗೆ ಎದೆಯ ಕೆಳಗೆ ಯಾರೋ ಪಟ್ಟಿ ಬಿಗಿದಂತಾಯಿತು. ಸಂಜೆಯೊಳಗೆ ಎರಡೂ ಕಾಲು ಹೋದವು, ಮೂತ್ರ ಕಟ್ಟಿತು. ಹೊಟ್ಟೆಯ ಮೇಲೆ ಗೆರೆ ಎಳೆದಂತೆ, ಗೆರೆಯಿಂದ ಕೆಳಗೆ ಮುಟ್ಟಿದರೆ ತಿಳಿಯದು, ಮೇಲೆ ಎಲ್ಲ ಸರಿ. ಅದು ಟ್ರಾನ್ಸ್‌ವರ್ಸ್ ಮೈಲೈಟಿಸ್, ಬೆನ್ನುಹುರಿಯ ಉರಿಯೂತ. ನಿಮಗೆ ಕೊನೆಯ ಹೊಲಗಳ ಕಾಲುವೆ ಕೆಟ್ಟಿತ್ತು. ಅವಳಿಗೆ ಮುಖ್ಯ ನಾಲೆಗೇ ಅಡ್ಡಲಾಗಿ ಪೆಟ್ಟು ಬಿದ್ದಿದೆ. ಇದು ಇನ್ನೂ ಅಪರೂಪ, ಹತ್ತು ಲಕ್ಷಕ್ಕೆ ವರ್ಷಕ್ಕೆ ಬೆರಳೆಣಿಕೆಯಷ್ಟು ಜನಕ್ಕೆ. ಇಲ್ಲಿ ಬೇಕಾದದ್ದು ತಡಮಾಡದ ಎಂಆರ್‌ಐ. ನಿಮಗೆ ಕೆಲಸಕ್ಕೆ ಬಾರದ ಸ್ಟೀರಾಯ್ಡೇ ಇಲ್ಲಿ ಮೊದಲ ಮದ್ದು: ಮೀಥೈಲ್‌ಪ್ರೆಡ್ನಿಸೋಲೋನ್, ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂ, ಮೂರರಿಂದ ಐದು ದಿನ, ರಕ್ತನಾಳಕ್ಕೆ. ಅಕ್ವಪೋರಿನ್-4 ವಿರುದ್ಧದ ಪ್ರತಿಕಾಯ ರಕ್ತದಲ್ಲಿದೆಯೇ ಎಂದೂ ನೋಡುತ್ತಾರೆ. 2004ರಲ್ಲಿ ಪತ್ತೆಯಾದ ಆ ಪ್ರತಿಕಾಯ ಇದ್ದರೆ ಕಾಯಿಲೆ ಮರಳಿ ಬರಬಹುದು, ವರ್ಷಗಟ್ಟಲೆ ಔಷಧ ಬೇಕು. ಈ ಕಾಯಿಲೆಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಬ್ಬರು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಒಬ್ಬರು ಅರ್ಧಂಬರ್ಧ, ಒಬ್ಬರಿಗೆ ದೊಡ್ಡ ಊನ ಉಳಿಯುತ್ತದೆ. ತಾನು ಆ ಮೂವರಲ್ಲಿ ಯಾರು ಎಂದು ಅವಳಿಗೆ ಇನ್ನೂ ಗೊತ್ತಿಲ್ಲ. ಅವಳು ಬಲಗಾಲಿನ ಹೆಬ್ಬೆರಳನ್ನೇ ನೋಡುತ್ತಾ ಕೂರುತ್ತಾಳೆ. ಹನ್ನೊಂದನೆಯ ದಿನ ಅದು ಒಂದು ಕೂದಲೆಳೆಯಷ್ಟು ಅಲುಗುತ್ತದೆ. ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಸರಳು ಬಿಟ್ಟು ಅವಳ ಕಡೆ ತಿರುಗುತ್ತಾರೆ.

ಮನೆಗೆ ಬಂದ ಮೇಲಿನದು ತಾಳ್ಮೆಯ ಬೇಸಾಯ. ಲೈನಿಂಗ್ ಮಾತ್ರ ಕಿತ್ತಿದ್ದರೆ ಅದು ವಾರ, ತಿಂಗಳುಗಳಲ್ಲಿ ಮತ್ತೆ ಕಟ್ಟುತ್ತದೆ. ಒಳಗಿನ ನರದ ಎಳೆಯೇ ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಸೊಂಟದಿಂದ ಪಾದಕ್ಕೆ ಒಂದು ಮೀಟರ್ ಎಂದರೆ ಸಾವಿರ ದಿನ. ಜಿಬಿಎಸ್ ಬಂದ ಐವರಲ್ಲಿ ನಾಲ್ವರು ಆರು ತಿಂಗಳಲ್ಲಿ ಆಸರೆಯಿಲ್ಲದೆ ನಡೆಯುತ್ತಾರೆ. ಒಳ್ಳೆಯ ಆರೈಕೆಯಲ್ಲೂ ನೂರರಲ್ಲಿ ಮೂರರಿಂದ ಏಳು ಜನ ಸಾಯುತ್ತಾರೆ. ತಡವಾಗಿ ಬಂದಲ್ಲಿ ಇನ್ನೂ ಹೆಚ್ಚು.

ಹೋಳಿ ಹುಣ್ಣಿಮೆ. ಅಮರೇಶ್ವರನ ಜಾತ್ರೆ. ಧೂಳು, ಎತ್ತಿನ ಕೊರಳ ಗೆಜ್ಜೆ, ಬೆಂಡುಬೆತ್ತಾಸಿನ ಅಂಗಡಿ. ನೀವು ಕೋಲು ಹಿಡಿದಿಲ್ಲ. ಮಗಳ ಹೆಗಲ ಮೇಲೆ ಕೈಯಿಟ್ಟಿದ್ದೀರಿ, ಅದು ಆಸರೆಗಲ್ಲ. ಅಂಗಾಲು ಇನ್ನೂ ಅರೆ ಮರಗಟ್ಟಿದೆ. ಸಂಜೆಯಾದರೆ ಹೊಲದಲ್ಲಿ ಬೇಗ ದಣಿಯುತ್ತೀರಿ. ತಾಯಿ ಹರಕೆ ತೀರಿಸಲು ಸಾಲಿನಲ್ಲಿ ನಿಂತಿದ್ದಾಳೆ. ಜನರ ನಡುವೆ ಆ ಆಶಾ ಕಾರ್ಯಕರ್ತೆ ಕಾಣುತ್ತಾಳೆ. ನೀವು ಆಕೆಗೂ ಕೈಮುಗಿಯುತ್ತೀರಿ.

ಓದುತ್ತಿರುವವರೇ, ಇಷ್ಟು ಹೊತ್ತು ಈ ಮೈಯೊಳಗೆ ಇದ್ದು ಬಂದಿರಿ. ಈಗ ನಿಮ್ಮ ಸ್ವಂತ ಮೈಯಲ್ಲಿ ಎದೆ ತುಂಬ ಉಸಿರು ಎಳೆದು, ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತೀರಿ ನೋಡಿ. ಆ ಸಂಖ್ಯೆ ನೆನಪಿರಲಿ. ಅಂಗಳದ ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆ ತಿಕ್ಕಿ ತೊಳೆದು, ಮುಚ್ಚಿಡಿ. ಕುಡಿಯುವ ನೀರು ಕಾಯಿಸಿ. ಜ್ವರವೋ ಭೇದಿಯೋ ಬಂದು ಹೋದ ನಾಲ್ಕು ವಾರದೊಳಗೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡೂ ಕಾಲು ಜೋಮು ಹಿಡಿದು, ಚಪ್ಪಲಿ ಕಳಚಿ, ಸೋಲು ಮೇಲೇರುತ್ತಿದ್ದರೆ, ಅಥವಾ ಒಂದೇ ದಿನದಲ್ಲಿ ಕಾಲು ಹೋಗಿ ಮೂತ್ರ ಕಟ್ಟಿದರೆ, ಅದನ್ನು ಲಕ್ವಾ ಎಂದು ಕರೆದು ಎಣ್ಣೆ ಹುಡುಕಬೇಡಿ, ಗ್ಲೂಕೋಸ್ ಏರಿಸಿ ಕಾಯಬೇಡಿ. 108ಕ್ಕೆ ಕರೆ ಮಾಡಿ. ಉಸಿರಾಟದ ಯಂತ್ರ ಇರುವ ಆಸ್ಪತ್ರೆಗೇ ಹೋಗಿ. ಬಿಪಿಎಲ್ ಕಾರ್ಡ್ ಜೊತೆಗೆ ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಅವರಿಂದ ಎಣಿಕೆ ಮಾಡಿಸುತ್ತಾ ಹೋಗಿ. ಹರಕೆಯನ್ನು ಆಮೇಲೂ ತೀರಿಸಬಹುದು. ಆಸ್ಪತ್ರೆಗೆ ಇವತ್ತೇ ಹೊರಡಬೇಕು.